ಮೆಣಸಿನಕಾಯಿ ಗೋದಾಮಿನಲ್ಲಿ ಹಿಮದ ಜಾಕೆಟ್

ಅರವತ್ತಮೂರು ತುಂಬಿದ ಮೇಲೆ ನನ್ನ ಹೆಂಡತಿಗೆ ಗುಲ್ಮಾರ್ಗಿಗೆ ಹೋಗಿ ಹಿಮದ ಸ್ಕೂಟರ್ ಓಡಿಸುವ ಮನಸ್ಸಾಯಿತು. ಚಕ್ರವಿಲ್ಲದೆ, ಅಗಲವಾದ ರಬ್ಬರ್ ಪಟ್ಟೆಯ ಮೇಲೆ ಓಡುವ ಯಂತ್ರ ಅದು. ಚಾಲಕನ ಹಿಂದೆ ಕೂತು ಬರುವುದಲ್ಲ, ಹ್ಯಾಂಡಲ್ ತನ್ನ ಕೈಯಲ್ಲೇ ಇರಬೇಕು ಎಂದಳು. ನಾವು ಸಿರುಗುಪ್ಪದಲ್ಲಿದ್ದಾಗ ಸಿರಿಗೇರಿಯ ಶಾಲೆಗೆ ದಿನವೂ ಮೊಪೆಡ್ಡಿನಲ್ಲಿ ಹೋಗಿ ಬಂದು ಪಾಠ ಮಾಡಿದವಳು. ಅವಳಿಗೆ ಇದು ದೊಡ್ಡ ಮಾತೇನೂ ಅಲ್ಲ.

ದೊಡ್ಡದಾಗಿದ್ದದ್ದು ಅವಳ ಎದೆಯ ತೊಂದರೆ. ಹಿಂದಿನ ವರ್ಷ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ಪ್ರವಾಸಕ್ಕೆ ಒಪ್ಪಿದರು, ಆದರೆ ಒಂದು ಮಾತು ಹೇಳಿದರು: ಚಳಿಯಲ್ಲಿ ಮೈ ಬೆವರಿ, ಆ ಬೆವರು ಮೈಮೇಲೆಯೇ ತಣ್ಣಗಾಗಬಾರದು.

ಬಳ್ಳಾರಿಯವರಾದ ನಮಗೆ ಗೊತ್ತಿರುವುದು ಬಿಸಿಲು. ಚಳಿ ಎಂದರೆ ಎಲ್ಲವನ್ನೂ ಮುಚ್ಚುವುದು ಎಂದಷ್ಟೇ ತಿಳಿದಿದ್ದೆ. ಅಂಗಡಿಯಲ್ಲಿ ಸಿಕ್ಕ ಅತ್ಯಂತ ದಪ್ಪನೆಯ ಜಾಕೆಟ್ ತಂದೆ. ಬೆಳಿಗ್ಗೆ ಆರಕ್ಕೆ ಗಾಂಧಿನಗರದ ನಮ್ಮ ಬೀದಿಯಲ್ಲಿ ಅದನ್ನು ತೊಟ್ಟು ನಾಲ್ಕು ಸುತ್ತು ಹಾಕುವಷ್ಟರಲ್ಲಿ ಅವಳ ರವಿಕೆ ಬೆವರಿಗೆ ತೊಯ್ದು ಹಿಂಡುವಂತಾಗಿತ್ತು.

"ಜಾಕೆಟ್ ತಂದೀರೋ, ಇಡ್ಲಿ ಪಾತ್ರಿ ತಂದೀರೋ?" ಎಂದಳು.

ಕುರುಗೋಡಿನಲ್ಲಿ ಒಬ್ಬ ದರ್ಜಿ ಇದ್ದಾನೆ. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಬಹಳ ವರ್ಷ ಹೊಲಿದವನು, ನಾನು ಡ್ರಿಲ್ ಮಾಸ್ತರನಾಗಿದ್ದಾಗ ನನ್ನ ಕೈಕೆಳಗೆ ಓಡಿದವನು. ಜಾಕೆಟ್ಟನ್ನು ಒಳಹೊರಗು ಮಾಡಿ ನೋಡಿ ನಕ್ಕ.

"ಸರ, ಬೆಚ್ಚಗ ಐತಿ. ಆದ್ರ ಉಸಿರಾಡಾಕ ಜಾಗಾನ ಇಲ್ಲ. ಕಂಕುಳಾಗ ಎರಡು ಜಿಪ್ ಇಡೂಣು. ಬೆನ್ನಾಗ ಒಂದು ಕಿಂಡಿ, ಅದರ ಮ್ಯಾಲ ಮಳಿ-ಹಿಮ ಬೀಳಲಾರದಂಗ ಒಂದು ಮಡಚು. ಯಾವಾಗ ಬೇಕೋ ಆವಾಗ ತಗೀಲಿ, ಮುಚ್ಚಲಿ ಅಕ್ಕಾರು."

"ಕೈಗವುಸು ಹಾಕ್ಕೊಂಡು ಜಿಪ್ ಸಿಗಬೇಕಲ್ಲೋ?" ಎಂದಳು ಹೆಂಡತಿ.

ಅದು ನನಗೆ ಹೊಳೆದಿರಲಿಲ್ಲ. ಅವನು ಪ್ರತಿ ಜಿಪ್ಪಿಗೂ ಬೆರಳುದ್ದದ ಲಾಡಿ ಕಟ್ಟಿಕೊಟ್ಟ.

ಪರೀಕ್ಷಿಸದೆ ಕಳಿಸುವುದು ನನ್ನ ಜಾಯಮಾನವಲ್ಲ. ಆದರೆ ಚಳಿ ಎಲ್ಲಿ ಸಿಗಬೇಕು? ಸಿರುಗುಪ್ಪ ರಸ್ತೆಯಲ್ಲಿ ಒಣಮೆಣಸಿನಕಾಯಿ ಇಡುವ ಶೀತಲ ಗೋದಾಮಿದೆ. ಅದರ ಮೇಲ್ವಿಚಾರಕರು ಪರಿಚಯದವರು. ಅರ್ಧ ಗಂಟೆ ಒಳಗೆ ಬಿಡಲು ಒಪ್ಪಿದರು.

ಕ್ರಮ ಬರೆದುಕೊಂಡು ಹೋಗಿದ್ದೆ. ಹತ್ತು ನಿಮಿಷ ನಡಿಗೆ. ಸೀಟಿ ಊದಿದಾಗ ಜಿಪ್ ತೆರೆಯಬೇಕು. ಹತ್ತು ನಿಮಿಷ ತಣ್ಣನೆ ಗಾಳಿ ಬೀಸುವ ಫ್ಯಾನಿನ ಕೆಳಗೆ ಕೂರಬೇಕು. ಮತ್ತೆ ಸೀಟಿಗೆ ಮುಚ್ಚಬೇಕು. ಮೂಟೆಗಳ ಸಾಲಿನ ನಡುವೆ ಅವಳು ನಡೆದಳು. ಐದನೇ ನಿಮಿಷಕ್ಕೇ ಲಾಡಿಗೆ ಕೈ ಹಾಕಿದಳು.

"ಇನ್ನೂ ಐದು ನಿಮಿಷ ಐತಿ," ಎಂದೆ.

"ಬೆವರು ನನಗ ಬಂದೈತಿ, ನಿಮ್ಮ ಗಡಿಯಾರಕ್ಕಲ್ಲ!"

ಆದರೂ ತಡೆದೆ. ಹತ್ತಕ್ಕೆ ಸೀಟಿ ಊದಿದೆ, ತೆರೆದಳು, ಹೋಗಿ ಫ್ಯಾನಿನ ಕೆಳಗೆ ಕೂತಳು. ಅಷ್ಟರಲ್ಲಿ ಒದ್ದೆಯಾಗಿದ್ದ ಬೆನ್ನಿಗೆ ಗಾಳಿ ನೇರ ನುಗ್ಗಿತು. ನಡುಗತೊಡಗಿದಳು. ಜೊತೆಗೆ ಮೆಣಸಿನಕಾಯಿಯ ಘಾಟು ಕಿಂಡಿಗಳಿಂದ ಒಳಗೆ ತುಂಬಿ ಕೆಮ್ಮು ಹಿಡಿಯಿತು. ನ್ಯುಮೋನಿಯಾ ಆದ ಎದೆಯನ್ನು ಮೆಣಸಿನಕಾಯಿ ಗೋದಾಮಿಗೆ ಕರೆತಂದಿದ್ದೇನೆ ಎಂಬುದು ನನಗೆ ತಿಳಿದದ್ದು ಆಗ. ತೋಳು ಹಿಡಿದು ಹೊರಗೆ ಬಿಸಿಲಿಗೆ ಕರೆತಂದೆ. ಬಾಗಿಲ ಬಳಿಯ ಹಮಾಲಿ ನೀರು ಕೊಟ್ಟು, "ಕೆಮ್ಮಾಕ ಇಷ್ಟು ದೂರ ಬಂದ್ರೇನ್ರೀ?" ಎಂದ.

ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ, ಪ್ರವಾಸ ಬೇಡ ಎಂದು ಹೇಳಲು ನಾನು ಎರಡು ಸಲ ಬಾಯಿ ತೆರೆದೆ. ಅವಳು ಕಣ್ಣೊರೆಸಿಕೊಂಡು ಮೊದಲು ಮಾತಾಡಿದಳು.

"ಜಾಕೆಟ್ ಚಲೋ ಐತಿ. ಸೀಟಿ ಕೆಟ್ಟೈತಿ."

ಮೂವತ್ತು ವರ್ಷ ಮಕ್ಕಳನ್ನು ಸೀಟಿಯ ಮೇಲೆ ನಡೆಸಿದೆ. ಅದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ನೂರು ಮಕ್ಕಳು ಒಟ್ಟಿಗೆ ಕಾಲೆತ್ತಬೇಕಾದರೆ ಒಂದು ಸೀಟಿ ಬೇಕು. ಆದರೆ ಒಂದು ಮೈ ಯಾವಾಗ ಬೆವರುತ್ತದೆ ಎಂಬುದು ಪಕ್ಕದಲ್ಲಿ ನಿಂತವನಿಗೆ ಕಾಣುವುದಿಲ್ಲ. ಆ ಮೈಯವರಿಗೆ ಮೊದಲೇ ಗೊತ್ತಾಗಿರುತ್ತದೆ. ಘಾಟು ಹೋಗಲೆಂದು ಜಾಕೆಟ್ಟನ್ನು ಎರಡು ದಿನ ಮಾಳಿಗೆಯ ಮೇಲೆ ಗಾಳಿಗೆ ಹಾಕಿದೆವು.

ಗುಲ್ಮಾರ್ಗಿನಲ್ಲಿ ಅವಳೇ ಓಡಿಸಿದಳು, ಹಿಂದೆ ಅಲ್ಲಿಯ ಚಾಲಕ ಕೂತಿದ್ದ. ಏರು ಹತ್ತುವಾಗ ಒಂದು ಕೈ ಕಂಕುಳಿಗೆ ಹೋದದ್ದು ದೂರದಿಂದ ಕಂಡಿತು. ತೆರೆದಳೋ ಮುಚ್ಚಿದಳೋ ತಿಳಿಯಲಿಲ್ಲ. ಇಳಿದು ಬಂದವಳು ಬೆನ್ನು ತಿರುಗಿಸಿ ನಿಂತಳು.

"ನೋಡ್ರಿ, ಕೈ ಹಾಕ್ರಿ."

ಜಾಕೆಟ್ಟಿನ ಒಳಗೆ ಅಂಗೈ ಇಟ್ಟೆ. ಕೊರಳ ಹತ್ತಿರ ಸ್ವಲ್ಪ ಹಸಿ ಇತ್ತು. ಬೆನ್ನು ಒಣಗಿತ್ತು, ಬೆಚ್ಚಗಿತ್ತು.

"ಆತಿಲ್ಲೋ? ಇನ್ನೊಂದು ಸುತ್ತು ಹೋಗಿ ಬರ್ತೀನಿ, ನೀವು ಚಾ ಕುಡೀರಿ," ಎಂದು ಹೊರಟೇಬಿಟ್ಟಳು.