ಮಾಸಿಗೆ ಕೊಟ್ಟ ತಾರೀಖು

ಮಾಸಿಯ ಬಲಗೈ ಹೆಬ್ಬೆರಳ ಮೇಲೆ ಯಾವಾಗಲೂ ಮೈದಾ ಅಂಟು ಒಣಗಿ ಬಿಳಿ ಪೊರೆ ಕಟ್ಟಿರುತ್ತಿತ್ತು. ಮಾತಾಡುತ್ತಲೇ ಅದನ್ನು ಎಡಗೈ ಉಗುರಿನಿಂದ ಸುಲಿದು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಗಾಳಿಪಟ ಅಂಟಿಸಿದ ಕೈ ಅದು. ಅಹಮದಾಬಾದಿನಲ್ಲಿ ಬಡವರಿಗೆಂದು ಸರ್ಕಾರ ಕಟ್ಟಿಸಿದ್ದ ನಾಲ್ಕು ಮಹಡಿಯ ವಸತಿಯೊಂದರಲ್ಲಿ ತುತ್ತತುದಿಯ ಮನೆ ಅವರದು. ಮಾಸಿ ಎಂದರೆ ಚಿಕ್ಕಮ್ಮ, ನಮ್ಮ ಧಾರವಾಡದ ಕಡೆ ಮಾವಶಿ ಅಂದ ಹಾಗೆ. ಇಡೀ ಕಟ್ಟಡಕ್ಕೇ ಅವರು ಮಾಸಿ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ಗುಜರಾತಿನ ಭೂಕಂಪವಾಗಿ ಆಗ ನಾಲ್ಕು ವರ್ಷ. ವಡೋದರಾದ ಫತೇಗಂಜ್‌ನಿಂದ ನಮ್ಮ ಬ್ಯಾಂಕಿನ ಅಲ್ಲಿನ ಶಾಖೆಗೆ ಸಾಲದ ಅಧಿಕಾರಿಯಾಗಿ ವರ್ಗವಾಗಿ ಬಂದಿದ್ದೆ. ಗುಜರಾತಿ ಅರೆಬರೆ, ತಲೆ ತುಂಬ ಸುತ್ತೋಲೆ, ಮೂಗಿನ ತುದಿಯಲ್ಲಿ ಸಿಟ್ಟು. ಒಂದು ಬೆಳಿಗ್ಗೆ ಮಾಸಿ ಬಂದು ನನ್ನ ಮೇಜಿನ ಮುಂದೆ ಕೂತರು. ಸೌರದೀಪ ಹಾಕಿಸಿಕೊಂಡರೆ ಅರ್ಧ ಹಣ ಸರ್ಕಾರ ಕೊಡುತ್ತದಂತೆ, ಉಳಿದರ್ಧ ಬ್ಯಾಂಕು ಸಾಲ ಕೊಡುತ್ತದಂತೆ, ರೇಡಿಯೋದಲ್ಲಿ ಕೇಳಿದೆ, ಹೌದೋ ಸುಳ್ಳೋ ಎಂದು ವಿಚಾರಿಸಿದರು. ಹೌದು, ಆದರೆ ಬಹಳ ಓಡಾಟವಿದೆ ಎಂದೆ. ಓಡಾಟಕ್ಕೇನು, ಕಾಲು ಇವೆಯಲ್ಲ ಎಂದರು.

ಅವರಿಗೆ ಬೇಕಾಗಿದ್ದದ್ದು ಮೆಟ್ಟಿಲಿಗೆ ಬೆಳಕು. ಸಾಮೂಹಿಕ ಮೀಟರಿನ ಬಿಲ್ಲು ಯಾರೂ ಕಟ್ಟದೆ ಮೆಟ್ಟಿಲ ದೀಪ ಆರಿ ವರ್ಷಗಳೇ ಆಗಿದ್ದವು. ಹಾಡಹಗಲಲ್ಲೂ ಅಲ್ಲಿ ಗೋಡೆ ಸವರುತ್ತಲೇ ಹತ್ತಬೇಕು. ಮಾಸಿಗೆ ಒಬ್ಬಳೇ ಮಗಳು, ಸೂರತ್ತಿಗೆ ಕೊಟ್ಟಿದ್ದರು. ಅಳಿಯ ವಜ್ರ ಉಜ್ಜುವ ಕೆಲಸದವನು. ಬಸುರಿ ಮಗಳು ತವರಿಗೆಂದು ಬಂದವಳು ಆ ಮೆಟ್ಟಿಲಲ್ಲೇ ಜಾರಿ ಬಿದ್ದು ಮಗುವನ್ನು ಕಳೆದುಕೊಂಡಿದ್ದಳು. ಆಮೇಲೆ ಆರು ವರ್ಷ ಅವಳು ಈ ಹೊಸಿಲು ತುಳಿದಿರಲಿಲ್ಲ. ಇದನ್ನು ಹೇಳುವಾಗ ಮಾಸಿ ಅಳಲಿಲ್ಲ. ಹೆಬ್ಬೆರಳ ಪೊರೆ ಸುಲಿಯುತ್ತ ಇಷ್ಟೇ ಅಂದರು: "ಬೆಳಕಾದರೆ ಬರುತ್ತಾಳೆ, ದೀಕರಾ." ದೀಕರಾ ಎಂದರೆ ಮಗನೇ. ಆವತ್ತಿನಿಂದ ನಾನು ಸಾಹೇಬನಾಗಿ ಉಳಿಯಲಿಲ್ಲ.

ಸಹಾಯಧನದ ನಿಯಮ ಹೇಗಿತ್ತೆಂದರೆ, ತಾರಸಿ ಎಲ್ಲರದೂ ಆದ್ದರಿಂದ ಇಪ್ಪತ್ತನಾಲ್ಕು ಮನೆಯವರೂ ಒಪ್ಪಿ ಸಹಿ ಹಾಕಬೇಕು. ಮೊದಲು ಪ್ಯಾನೆಲ್ ಕೂರಿಸಬೇಕು, ಇನ್‌ಸ್ಪೆಕ್ಟರು ಬಂದು ನೋಡಬೇಕು, ಆಮೇಲೆ ಹಣ. ಮಾಸಿ ಮನೆಮನೆ ಹತ್ತಿಳಿದರು. ಒಂದು ಸಹಿಗೆ ಐದು ಗಾಳಿಪಟ ಬಿಟ್ಟಿ. ಲಂಚ ಕೊಡುತ್ತೀರಾ ಮಾಸಿ ಎಂದು ರೇಗಿಸಿದರೆ, ನಿನಗೂ ಐದು ಇಟ್ಟಿದ್ದೇನೆ, ಬಾಯಿ ಮುಚ್ಚಿಕೋ ಎಂದು ನಕ್ಕರು. ಹೋದಾಗಲೆಲ್ಲ ಮೊದಲು ನೀರು, ಆಮೇಲೆ ಪಾಯಸದಷ್ಟು ಸಿಹಿಯಾದ ಚಹಾ. ಅರ್ಧಕ್ಕೇ ಬಿಟ್ಟರೆ, ಬ್ಯಾಂಕಿನವರು ಚಹಾವನ್ನೂ ಪೂರ್ತಿ ಮಂಜೂರು ಮಾಡುವುದಿಲ್ಲ ಎಂದು ನೆರೆಯವರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಇನ್ನು ನನ್ನ ಪಾಪದ ಮಾತು. ಬ್ಯಾಂಕಿನವರಿಗೆ ಒಂದು ಚಾಳಿ ಇದೆ. ಗಿರಾಕಿಗೆ ನಿಜವಾದ ಕೊನೆಯ ದಿನವನ್ನು ಹೇಳುವುದೇ ಇಲ್ಲ. ಜನ ಹೇಗಿದ್ದರೂ ತಡಮಾಡುತ್ತಾರೆಂದು ಮುಂಚಿನ ಒಂದು ತಾರೀಖು ಹೇಳಿ ಹೆದರಿಸುವುದು. ನನಗೂ ಅದು ರಕ್ತಗತವಾಗಿತ್ತು. ಕೆಲಸ ಮುಗಿಸಲು ಸರ್ಕಾರ ಕೊಟ್ಟಿದ್ದ ಗಡುವು ಮಾರ್ಚ್ ಕೊನೆ. ನಾನು ಹೇಳಿದ್ದು ಜನವರಿ ಹತ್ತು. ತಪ್ಪಿದರೆ ಸಹಾಯಧನ ಹೋಯಿತೆಂದೇ ತಿಳಿಯಿರಿ ಎಂದು ಮುಖ ಗಂಟಿಕ್ಕಿಕೊಂಡು ಹೇಳಿದ್ದೆ.

ಅಹಮದಾಬಾದಿಗೆ ಜನವರಿ ಹದಿನಾಲ್ಕು ಎಂದರೇನು ಎಂಬುದು ನನಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಸಂಕ್ರಾಂತಿಯೆಂದರೆ ಎಳ್ಳು ಬೆಲ್ಲ ಹಂಚಿ, ಹೋಳಿಗೆ ಉಂಡು ಮಲಗುವ ಹಬ್ಬ. ಅಲ್ಲಿ ಅದು ಉತ್ತರಾಯಣ. ಎರಡು ದಿನ ಇಡೀ ಊರು ಗಾಳಿಪಟ ಹಾರಿಸುತ್ತ ತಾರಸಿಯ ಮೇಲೆ. ಪ್ಯಾನೆಲ್ ಹಾಕುವವನೂ ಹೇಳಿದ, ಹಬ್ಬ ಕಳೆಯಲಿ ಸಾಹೇಬ್. ಮನೆಯವರೂ ಜಗಳಕ್ಕೆ ಬಂದರು, ತಾರಸಿಯ ಅರ್ಧವನ್ನು ಹಬ್ಬದ ನಾಲ್ಕು ದಿನ ಮುಂಚೆ ಕಬ್ಬಿಣ ಹೂಡಿ ಹಾಳುಮಾಡುತ್ತೀರಾ ಎಂದು. ಮಾರ್ಚ್ ಎಂದು ಬಾಯಿಬಿಟ್ಟರೆ ನನ್ನ ಮಾತಿಗೆ ಬೆಲೆ ಎಲ್ಲಿ? ಮಾಸಿಯೇ ಮುಂದೆ ಬಂದು ಜಾಮೀನು ನಿಂತರು: ತಾರೀಖು ತಪ್ಪಿಸುವಂತಿಲ್ಲ, ಹಬ್ಬದ ಎರಡು ದಿನ ಗಾಜಿಗೆ ಒಂದು ಗೀರೂ ಬೀಳದಂತೆ ನಾನೇ ಅಲ್ಲಿ ಕೂತು ಕಾಯುತ್ತೇನೆ.

ಹತ್ತಕ್ಕೆ ಪ್ಯಾನೆಲ್ ಕೂತಿತು. ಅಂದು ಸಂಜೆ ಮೆಟ್ಟಿಲಲ್ಲಿ ದೀಪ ಹೊತ್ತಿದಾಗ ಹೆಂಗಸರು ಸುಮ್ಮನೆ ಹತ್ತಿ ಇಳಿದು ನೋಡಿದರು. ಮಾಸಿ ಆಗಲೇ ಮಗಳಿಗೆ ಫೋನು ಮಾಡಿದರು. ನೋಡೋಣ ಎಂದಳಂತೆ.

ಹದಿನಾಲ್ಕಕ್ಕೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಪ್ಯಾನೆಲ್ಲಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೈಯಲ್ಲೊಂದು ಬಿದಿರು ಕಡ್ಡಿ ಹಿಡಿದು ಕೂತಿದ್ದರು ಮಾಸಿ. ನನಗೆಂದು ಎತ್ತಿಟ್ಟಿದ್ದ ಪಟ ಕೊಟ್ಟರು. ಮೊದಲ ಬಾರಿಗೆ ನನ್ನ ಪಟ ಮೇಲೇರಿತು. ಖುಷಿಯಲ್ಲಿ ಲೋಕ ಮರೆತಿದ್ದೆ. ಎರಡನೇ ಮಹಡಿಯವನೊಬ್ಬ ದಾರ ಎಳೆಯುತ್ತ ಹಿಂದಕ್ಕೆ ಹಿಂದಕ್ಕೆ ಓಡಿ ಪ್ಯಾನೆಲ್ಲಿನ ಕಡೆಗೇ ಬಂದ. ಮಾಸಿ ಎದ್ದು ಅಡ್ಡ ನಿಂತರು. ಅವನ ಮೈಭಾರವೆಲ್ಲ ಅವರ ಮೇಲೆ ಬಿತ್ತು. ಅವನಿಗೆ ತಾನು ಯಾರಿಗೋ ತಾಗಿದ್ದೂ ತಿಳಿಯಲಿಲ್ಲ. ಎಲ್ಲ ತಾರಸಿಗಳಿಂದಲೂ ಪಟ ಕಡಿದ ಕೇಕೆ. ಆ ಗದ್ದಲದಲ್ಲಿ ಮಾಸಿ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನಾನೂ ನೋಡುತ್ತಿದ್ದದ್ದು ಆಕಾಶವನ್ನೇ.

ಸೊಂಟದ ಮೂಳೆ ಮುರಿದಿತ್ತು. ಈ ವಯಸ್ಸಿಗೆ, ಈ ಸಕ್ಕರೆ ಕಾಯಿಲೆಗೆ ಆಪರೇಷನ್ ಬೇಡವೆಂದರು ಡಾಕ್ಟರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಮಹಡಿ ಹೊತ್ತು ತಂದೆವು. ಆಮೇಲೆ ಮಾಸಿ ಏಳಲಿಲ್ಲ. ಸೂರತ್ತಿನಿಂದ ಮಗಳು ಬಂದಳು. ತಾಯಿಯ ಮಲಮೂತ್ರ ಎತ್ತಿದಳು, ತಲೆ ಬಾಚಿದಳು. ಮಾಸಿ ನನ್ನನ್ನು ಹತ್ತಿರ ಕರೆದು ಗುಟ್ಟು ಹೇಳುವವರ ಹಾಗೆ ಅಂದರು: "ನೋಡಿದೆಯಾ, ಬಂದಳು." ಅವರ ಲೆಕ್ಕದಲ್ಲಿ ಅವರು ಗೆದ್ದಿದ್ದರು.

ಇನ್‌ಸ್ಪೆಕ್ಟರು ಬಂದದ್ದು ಮಾರ್ಚ್ ಕೊನೆಯ ವಾರ. ಪ್ಯಾನೆಲ್ ಯಾವಾಗ ಹಾಕಿದ್ದು ಎಂದೂ ಕೇಳಲಿಲ್ಲ. ಫೋಟೋ ತೆಗೆದು, ಸಹಿ ಹಾಕಿ, ಮಾಸಿಯ ಮನೆಯ ಚಹಾ ಕುಡಿದು ಹೋದರು. ಆವತ್ತು ತಾರೀಖಿನ ನಿಜ ಹೇಳಿಬಿಡಬೇಕೆಂದು ಮಾಸಿಯ ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತಿದ್ದೆ. ಏನೋ ಸಂಕಟ ಇದೆ ನಿನಗೆ, ಮದುವೆಯ ವಿಚಾರವೇ ಎಂದು ಕೇಳಿದರು. ಇಲ್ಲ ಎಂದೆ. ನಾಳೆ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ. ನನ್ನಂಥ ಹೇಡಿಗೆ ನಾಳೆಗಳಿಗೇನು ಕೊರತೆ?

ಹತ್ತು ದಿನಕ್ಕೆ ಮಾಸಿ ಹೋದರು. ಹಾಸಿಗೆ ಹಿಡಿದವರಿಗೆ ಬರುವ ಎದೆಯ ಕಫ.

ಹದಿಮೂರನೆಯ ದಿನ ಹೋದೆ. ಮಗಳು ನನ್ನ ಮುಂದೆ ನೀರಿಟ್ಟು, ಎದುರಿಗೆ ಕೂತು, ನನ್ನ ಎರಡೂ ಕೈ ಹಿಡಿದುಕೊಂಡಳು.

"ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು ಭಾಯ್. ಜೀವಮಾನವಿಡೀ ಕಚೇರಿಗಳವರು ನಾಳೆ ಬಾ, ನಾಡಿದ್ದು ಬಾ ಅಂದರು. ಖಚಿತವಾಗಿ ಒಂದು ತಾರೀಖು ಹೇಳಿದವನು ನೀನೊಬ್ಬನೇ ಅಂತೆ."

ನಾನು ಕೈ ಬಿಡಿಸಿಕೊಂಡು ನೀರು ಕುಡಿದು ಲೋಟ ಕೆಳಗಿಟ್ಟೆ. ಹೌದು ಬೆಹೆನ್ ಎಂದೆ.