ಅಕ್ಕನಿಗಾಗಿ ಇಳಿಸಬೇಕಿದ್ದ ತೂಕ

ಅಕ್ಕ ಹನಿ ಹೆಂಡ ಮುಟ್ಟಿದವಳಲ್ಲ. ಆದರೂ ಅವಳ ಲಿವರ್ ಕೆಟ್ಟಿದೆ ಎಂಬ ಸುದ್ದಿ ಹಬ್ಬಿದಾಗ, ಅವಳನ್ನು ಕೊಟ್ಟಿದ್ದ ಚಿಕ್ಕೇರೂರಿನಲ್ಲಿ ಜನ ಕುಡಿತವೇ ಕಾರಣ ಎಂದು ಆಡಿಕೊಂಡರು. ಊರ ಬಾಯಿ ಮುಚ್ಚಲು ಯಾರಿಂದ ಆಗುತ್ತದೆ? ಅವಳಿಗಿದ್ದದ್ದು ಮೈತೂಕ, ಸಕ್ಕರೆ ಕಾಯಿಲೆ. ನಮ್ಮ ಮನೆಯಲ್ಲಿ ಎಲ್ಲರೂ ದಪ್ಪ. ತಿಳವಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನಾನು ಎಲ್ಲರಿಗಿಂತ ದಪ್ಪ. ಮಗ ಮೈಕೈ ತುಂಬಿಕೊಂಡಿದ್ದಾನೆ ಎಂದು ಅವ್ವ ಹೆಮ್ಮೆಪಡುತ್ತಿದ್ದಳು.

ಬೇರೆಯವರ ಲಿವರಿನ ತುಂಡು ಜೋಡಿಸದೆ ಅಕ್ಕ ಉಳಿಯುವುದಿಲ್ಲ ಎಂದರು ದೊಡ್ಡ ಆಸ್ಪತ್ರೆಯ ಡಾಕ್ಟರು. ಅವಳ ಗಂಡನ ರಕ್ತ ಹೊಂದಲಿಲ್ಲ, ಮಕ್ಕಳು ಇನ್ನೂ ಸಣ್ಣವರು. ಹೊಂದಿದ್ದು ನನ್ನದೊಂದೇ. ಎದೆ ಸೆಟೆಸಿಕೊಂಡು ಹೋದೆ. ತಪಾಸಣೆ ಮಾಡಿದರೆ ನನ್ನ ಲಿವರಿನಲ್ಲೂ ಕೊಬ್ಬು.

ಡಾಕ್ಟರು ಗಿಣಿಗೆ ಹೇಳಿದ ಹಾಗೆ ಹೇಳಿದರು. ಹೊಟ್ಟೆಯ ಕೊಬ್ಬು ಸುಮ್ಮನೆ ಬಿದ್ದಿರುವ ಗಂಟಲ್ಲ, ಅದು ಹಾರ್ಮೋನುಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಲೆಪ್ಟಿನ್ ಎಂಬುದು ಇನ್ನು ಉಣ್ಣಬೇಡ ಎಂದು ಮಿದುಳಿಗೆ ತಿಳಿಸುವಂಥದ್ದು. ಕೊಬ್ಬು ಹೆಚ್ಚಿದಂತೆ ಅದೂ ಹೆಚ್ಚುತ್ತದೆ, ಆದರೆ ಮಿದುಳು ಅದರ ಮಾತು ಕೇಳುವುದನ್ನೇ ಬಿಡುತ್ತದೆ. ಅಡಿಪೊನೆಕ್ಟಿನ್ ಎಂಬ ಇನ್ನೊಂದು ಲಿವರನ್ನು ಕಾಯುವಂಥದ್ದು. ಕೊಬ್ಬು ಹೆಚ್ಚಿದರೆ ಅದು ಕಡಿಮೆಯಾಗುತ್ತದೆ. ಕಾವಲು ತಪ್ಪಿದ ಲಿವರಿನಲ್ಲಿ ಕೊಬ್ಬು ತುಂಬಿ, ಉರಿಯೂತ ಎದ್ದು, ಕೊನೆಗೆ ಅದು ಗಟ್ಟಿಯಾಗುತ್ತದೆ. ಅಕ್ಕನದು ಗಟ್ಟಿಯಾಗಿ ಹೋಗಿತ್ತು. ನನ್ನದು ಹಾಗೆಯೇ ಕೊಡಲು ಬರುವಂತಿರಲಿಲ್ಲ, ಆದರೆ ತೂಕ ಇಳಿಸಿದರೆ ಇನ್ನೂ ಸುಧಾರಿಸಬಹುದಿತ್ತು.

"ಎರಡು ತಿಂಗಳದಾಗ ಹನ್ನೆರಡು ಕಿಲೋ ಇಳಸ್ರಿ. ನಿಮ್ಮಕ್ಕಾರಿಗೆ ಅದಕ್ಕಿಂತ ಹೆಚ್ಚು ವ್ಯಾಳ್ಯಾ ಇಲ್ಲ," ಎಂದರು.

ಗಿರಣಿಯಲ್ಲಿ ಜೋಳದ ಚೀಲ ತೂಗುವ ಕಾಟಾದ ಮೇಲೆ ದಿನಾ ಬೆಳಿಗ್ಗೆ ನಾನೇ ಹತ್ತಿ ನಿಲ್ಲುತ್ತಿದ್ದೆ. ಅನ್ನ, ಸಕ್ಕರೆ, ಮಿರ್ಚಿ ಭಜಿ ಎಲ್ಲ ಬಿಟ್ಟೆ. ಒಂದು ರೊಟ್ಟಿ, ಪಲ್ಯ, ತಿಳಿ ಬೇಳೆ, ಅಷ್ಟೇ. ಮೊದಲ ತಿಂಗಳಲ್ಲಿ ಏಳು ಕಿಲೋ ಇಳಿದೆ. ಅಂಗಿ ಜೋತುಬಿತ್ತು. ಹಿಟ್ಟು ಹಾಕಿಸಲು ಬಂದವರು, ಇವನಿಗೂ ಅಕ್ಕನ ರೋಗವೇ ಹತ್ತಿತೇ ಎಂದು ಅವ್ವನ ಎದುರಿಗೇ ಕೇಳಿದರು. ಅವ್ವ ತಟ್ಟನೆ ಒಳಗೆ ಹೋದಳು.

ಎರಡನೇ ತಿಂಗಳು ಕಾಟಾ ನಿಂತಲ್ಲೇ ನಿಂತಿತು. ಲೆಪ್ಟಿನ್ನಿಗೆ ಬಾಯಿಗೆ ಬಂದಂತೆ ಬೈದೆ. ಆದರೆ ಕಾರಣ ನನಗೆ ಗೊತ್ತಿತ್ತು. ಬೇಳೆಯಲ್ಲಿ ತುಪ್ಪ ಕರಗಿತ್ತು, ರೊಟ್ಟಿಯ ಮಡಿಕೆಯೊಳಗೆ ಬೆಣ್ಣೆ ಅಡಗಿತ್ತು. ಅವ್ವ ನನ್ನ ಮುಖ ನೋಡದೆ ಬಡಿಸುತ್ತಿದ್ದಳು. ಮೊದಲ ತುತ್ತಿಗೇ ತಿಳಿಯಿತು, ಕೇಳಲಿಲ್ಲ. ಇನ್ನೊಂದು ರೊಟ್ಟಿ ಹಾಕಿದಾಗ ಬೇಡ ಅನ್ನಲಿಲ್ಲ. ಹಸಿದ ನಾಲಿಗೆಗೆ ಹಿತವಾಗಿತ್ತು ನಿಜ. ಹೊಟ್ಟೆ ಕೊಯ್ಯಿಸಿಕೊಳ್ಳುವ ಹೆದರಿಕೆಯೂ ಇತ್ತು. ತೂಕ ಇಳಿಯದಿದ್ದರೆ ತಪ್ಪು ನನ್ನದಾಗುವುದಿಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಒಬ್ಬ ಹೇಡಿ ಸಮಾಧಾನಪಟ್ಟುಕೊಂಡಿದ್ದ. ಆ ಹೇಡಿಯನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಎರಡು ತಿಂಗಳ ನಂತರ ಮತ್ತೆ ತಪಾಸಣೆ ಮಾಡಿದ ಡಾಕ್ಟರು, ಇಷ್ಟು ಸಾಲದು ಎಂದರು. ಹೊರಗೆ ಬೆಂಚಿನ ಮೇಲೆ ಅಕ್ಕ ಕೂತಿದ್ದಳು, ಕಣ್ಣುಗಳು ಅರಿಷಿಣದ ಹಾಗೆ ಹಳದಿಯಾಗಿದ್ದವು. ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಇರ್ಲಿ ಬಿಡೋ ತಮ್ಮಾ. ನನ್ನ ಸಲುವಾಗಿ ಭಾಳ ಸೊರಗೀದಿ," ಎಂದಳು.

ಇಪ್ಪತ್ತು ದಿನಕ್ಕೆ ಹೋದಳು.

ಅಕ್ಕನ ದಿನಕರ್ಮ ಮುಗಿಸಿ ಚಿಕ್ಕೇರೂರಿನಿಂದ ಬಂದ ಮಧ್ಯಾಹ್ನ, ಅವ್ವ ಗಿರಣಿಯ ಬಾಗಿಲಲ್ಲಿ ಬಂದು ನಿಂತಳು. ನಾನು ಯಂತ್ರ ಬಂದ್ ಮಾಡಿದೆ.

"ಆಕಿನ್ನ ನಾನ ಕೊಂದ್ನಿ," ಎಂದಳು. "ನಿನ್ನ ಬ್ಯಾಳ್ಯಾಗ ತುಪ್ಪಾ ಹಾಕತಿದ್ನಿ. ಇಬ್ಬರೂ ಕೈ ಬಿಟ್ಟ ಹೋಗ್ತೀರಿ ಅಂತ ಅಂಜಿದ್ನಿ."

ನನಗೆ ಗೊತ್ತಿತ್ತು ಎನ್ನುವ ಮಾತು ಗಂಟಲಿನವರೆಗೆ ಬಂತು.

"ನನಗ ತಿಳೀಲೇ ಇಲ್ಲಬೇ ಯವ್ವಾ," ಎಂದೆ.

ಅವ್ವ ತಲೆಯಾಡಿಸಿ ಮನೆಯ ಕಡೆ ನಡೆದಳು. ಅವತ್ತಿನಿಂದ ಆ ಪಾಪವನ್ನು ಅವಳು ಒಬ್ಬಳೇ ಹೊತ್ತಿದ್ದಾಳೆ.