ಹೆಂಡತಿಗಾಗಿ ಮೀನು ಬಿಟ್ಟವನು

ಶಿವಮೊಗ್ಗದ ಡಾಕ್ಟರು ರಿಪೋರ್ಟನ್ನು ಸರೋಜಳ ಕೈಗೆ ಕೊಡಲಿಲ್ಲ. ನನ್ನ ಕೈಗೆ ಕೊಟ್ಟರು.

ಮದುವೆಯಾಗಿ ಆರು ವರ್ಷವೂ ನನ್ನ ಹೆಂಡತಿಯನ್ನೇ ಆಸ್ಪತ್ರೆಗಳಿಗೆ ಅಲೆಸಿದ್ದೆವು. ಕಷಾಯ, ತಾಯಿತ, ಹರಕೆ, ಎಲ್ಲ ಅವಳಿಗೇ. ಈ ಡಾಕ್ಟರು ಮಾತ್ರ ಗಂಡನನ್ನೂ ನೋಡಲೇಬೇಕೆಂದು ಹಟ ಹಿಡಿದರು. ಸ್ಪರ್ಮ್ ಕೌಂಟ್ ತೀರಾ ಕಡಿಮೆ. ಇದ್ದವಕ್ಕೂ ಚಲನೆಯಿಲ್ಲ.

ದೋಷ ನನ್ನಲ್ಲಿತ್ತು.

"ದೊಡ್ಡವರಾದ ಮೇಲೆ ಕೆಪ್ಪಟರಾಯ ಆಗಿತ್ತಾ?" ಎಂದು ಕೇಳಿದರು. ಆಗಿತ್ತು, ಹದಿನೇಳರಲ್ಲಿ. ಕೆನ್ನೆ ಊದಿದ್ದನ್ನು ಎಲ್ಲರೂ ನೋಡಿದ್ದರು. ಆಮೇಲೆ ಕೆಳಗೂ ಊದಿ, ನಡೆಯಲಾರದೆ ನರಳಿದ್ದನ್ನು ನಾಚಿಕೆಯಿಂದ ಅಮ್ಮನಿಗೂ ಹೇಳಿರಲಿಲ್ಲ. ಅದರಿಂದಲೇ ಆಗಿರಬಹುದು, ಖಚಿತವಾಗಿ ಹೇಳಲಾರೆ ಎಂದರು. "ಭರವಸೆ ಕೊಡೋದಿಲ್ಲ. ಐದಾರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡುವ." ಹೊರಗಿನ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನವಿತ್ತು. ಮಕ್ಕಳು ಎರಡೇ ಸಾಕಂತೆ.

ಕೊಪ್ಪದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಎಳೆಮಕ್ಕಳ ಸರಿಗೆ ರಾಗಿ ಹಿಟ್ಟು ಮಾಡಿಸಲು ಬರುವವರಿದ್ದಾರೆ. ಅವರ ರಾಗಿ ಹಾಕುವ ಮೊದಲು ಮೆಣಸಿನ ಘಾಟು ಉಳಿಯದಂತೆ ಮಿಷನ್ನನ್ನು ಬಿಚ್ಚಿ ಒರೆಸುತ್ತೇನೆ. ಒರೆಸುವಾಗ ಯಾರಾದರೊಬ್ಬರು "ನಿಮ್ಮನೇಲಿ ಎಂತ ವಿಶೇಷ ಮಾರಾಯ್ರೆ?" ಎಂದು ಕೇಳಿಯೇ ಕೇಳುತ್ತಾರೆ. ಮೊದಲೆಲ್ಲ ನಗುತ್ತಿದ್ದೆ. ಆ ವಾರ ನಗಲಾಗಲಿಲ್ಲ.

ನರಸಿಂಹರಾಜಪುರದ ಕಡೆ ಒಬ್ಬ ನಾಟಿ ವೈದ್ಯರಿದ್ದಾರೆಂದು ಸರೋಜಳೇ ವಿಚಾರಿಸಿಕೊಂಡು ಬಂದಳು. ಮುದುಕರು ನಾಡಿ ಹಿಡಿದು ಬಹಳ ಹೊತ್ತು ಕೂತರು. ಬೇರು, ಬೀಜ ಕಟ್ಟಿಕೊಟ್ಟರು. ಹೆಸರು ಹೇಳಲಿಲ್ಲ. ನಸುಗುನ್ನಿ ಬೀಜ ಮಾತ್ರ ನನಗೆ ಗುರುತು ಸಿಕ್ಕಿತು. ಹುಡುಗರಾಗಿದ್ದಾಗ ಆ ಕಾಯಿ ಮುಟ್ಟಿ ಮೈಯೆಲ್ಲ ತುರಿಸಿಕೊಂಡವರಲ್ಲವೇ ನಾವು. "ಕುಟ್ಟಿ ಹಾಲಲ್ಲಿ ಕುದಿಸಿ ಕುಡೀರಿ. ಮೂರು ಮಂಡಲ. ಮೀನು, ಹುಳಿ, ಖಾರ ಬೇಡ. ಮದ್ದಿಗೆ ಕಬ್ಬಿಣ ತಾಗಬಾರ್ದು. ಯಾರಿಗೂ ಹೇಳಬಾರ್ದು. ಹೇಳಿದ್ರೆ ಮದ್ದು ಹಿಡಿಯೂದಿಲ್ಲ."

ಆ ಕೊನೆಯ ಮಾತು ನನಗೆ ಬಹಳ ಅನುಕೂಲವಾಯಿತು.

ಕಬ್ಬಿಣ ತಾಗಬಾರದಲ್ಲ, ಗಿರಣಿಗೆ ಹಾಕುವ ಹಾಗಿಲ್ಲ. ಸರೋಜ ದಿನವೂ ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಲು ಕೂತಳು. ಅಮ್ಮ ಕಂಡಳು. "ಈ ಸಲನಾದ್ರೂ ಪಥ್ಯ ಸರಿಯಾಗಿ ಮಾಡು ಮಾರಾಯ್ತಿ" ಎಂದಳು. ಸರೋಜ ನನ್ನ ಮುಖ ನೋಡಿದಳು. ನಾನು ಚಪ್ಪಲಿ ಹುಡುಕಿದೆ.

"ಹೂಂ ಅತ್ತೆ" ಎಂದಳು ಅವಳು.

ಅಂದಿನಿಂದ ಅವಳೂ ಮೀನು ಬಿಟ್ಟಳು. ಕೋಣೆಯೊಳಗೆ ಹಾಲು ಕುಡಿಯುವವನು ನಾನು, ಹೊರಗೆ ಪಥ್ಯದವಳು ಅವಳು. ನಾನು ಸಪ್ಪೆ ಉಣ್ಣುವುದು ಅವಳಿಗೆ ಜೊತೆಯಾಗಲೆಂದು ಅಮ್ಮ ತಿಳಿದಳು. "ಹೆಂಡ್ತಿಗೋಸ್ಕರ ಮೀನು ಬಿಟ್ಟ ಗಂಡ ಯಾರ ಮನೇಲಿದಾನೆ ಹೇಳು?" ಎಂದು ಪಕ್ಕದ ಮನೆಯಲ್ಲೂ ಹೇಳಿದಳು. ಆ ಹೊಗಳಿಕೆ ಗಿರಣಿಯವರೆಗೂ ಬಂತು. ನಾನು ಹೊಗಳಿಸಿಕೊಂಡೆ. ಥೂ! ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಣ್ಣುತ್ತಿದ್ದವಳು ಅವಳು.

ಒಮ್ಮೆ ಕೇಳಿದೆ, "ಅಮ್ಮಂಗೆ ಹೇಳಿಬಿಡ್ಲಾ?"

"ಬೇಡ, ಮದ್ದು ಹಿಡೀಲಿ" ಎಂದಳು. ಸ್ವಲ್ಪ ಕುಟ್ಟಿ ಮತ್ತೆ ಹೇಳಿದಳು: "ಬಂಜೆ ಅನ್ನಿಸ್ಕೊಂಡು ನಂಗೆ ಅಭ್ಯಾಸ ಆಗಿದೆ. ನಿಮಗೆ ಆಗ್ಲಿಕ್ಕಿಲ್ಲ."

ಮದ್ದಿನಿಂದ ಹಸಿವು ಹೆಚ್ಚಿತು, ನಿದ್ದೆ ಚೆನ್ನಾಗಿ ಬಂತು. ವೈದ್ಯರನ್ನು ದೂರುವುದಿಲ್ಲ. ಮೂರು ಮಂಡಲ ಮುಗಿಸಿ ಮತ್ತೆ ಶಿವಮೊಗ್ಗಕ್ಕೆ ಹೋದೆವು.

ಕೌಂಟ್ ಹಾಗೇ ಇತ್ತು.

ಮನೆಗೆ ಬಂದಾಗ ನಮ್ಮ ಮುಖ ನೋಡಿಯೇ ಅಮ್ಮನಿಗೆ ತಿಳಿಯಿತು. ಅವಳೂ ಕಾದು ಸೋತಿದ್ದಳು. "ಸಾಕಿನ್ನು. ಮೇಗುಂದದಲ್ಲಿ ಒಂದು ಹುಡುಗಿ ಇದೆಯಂತೆ, ನೋಡುವ. ಸರೋಜ ಸ್ವಲ್ಪ ದಿನ ತವರಲ್ಲಿ ಇದ್ದು ಬರ್ಲಿ."

ಸರೋಜ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿತು. ಅವಳು ಎದುರು ಮಾತಾಡುವುದಿಲ್ಲ, ನಾನು ಬಾಯಿಬಿಡದಿದ್ದರೆ ನಿಜವಾಗಿಯೂ ಹೋಗಿಬಿಡುತ್ತಾಳೆ ಎಂದು ನನಗೆ ಆಗ ಗೊತ್ತಾಯಿತು.

"ಅಮ್ಮ, ಮದ್ದು ನಂದು. ದೋಷ ನಂದು. ಅವಳು ಸರಿಯಾಗೇ ಇದಾಳೆ."

ಅಮ್ಮ ಅಲ್ಲೇ ಕೂತಳು. "ಹಾಗಾದ್ರೆ ಪಥ್ಯ?"

"ನಂದೇ."

"ಮತ್ತೆ ಅವಳು ಯಾಕೆ ಬಿಟ್ಲು?"

ಸರೋಜ ಬಾಗಿಲಿಗೆ ಬಂದು ನಿಂತಿದ್ದಳು. ಸಂತೋಷಪಟ್ಟಳೆಂದು ಬರೆದರೆ ಸುಳ್ಳಾಗುತ್ತದೆ. "ಇದನ್ನ ಮೊದಲ ದಿನವೇ ಹೇಳ್ಬಹುದಿತ್ತು" ಎಂದಷ್ಟೇ ಅಂದಳು.

ಇದಾಗಿ ಎರಡು ತಿಂಗಳು. ಮಗುವಿನ ಆಸೆ ಹೋಗಿದೆ ಎನ್ನಲಾರೆ. ಎಳೆಮಕ್ಕಳ ರಾಗಿ ಬಂದಾಗ ಈಗಲೂ ಮಿಷನ್ನನ್ನು ಎರಡೆರಡು ಸಲ ಒರೆಸುತ್ತೇನೆ. ಆದರೆ ಸರೋಜ ಈ ಮನೆಯಲ್ಲೇ ಇದ್ದಾಳೆ. ಅದು ನನ್ನ ಪುಣ್ಯ, ಗಳಿಸಿದ್ದು ನಾನಲ್ಲ.

ನಾನು ಹೇಳಿದ ಮೂರನೆಯ ದಿನ ಅಮ್ಮ ಬಂಗುಡೆ ತಂದು ಸಾರು ಮಾಡಿದಳು. ಮೊದಲ ತುಂಡನ್ನು ಸರೋಜಳಿಗೆ ಬಡಿಸಿದಳು. ಅವಳು ಮುಳ್ಳು ಬಿಡಿಸಿ, ಮೂಗು ಒರೆಸಿಕೊಳ್ಳುತ್ತ, ಪೂರ್ತಿ ತಿಂದಳು. ಆಮೇಲೆ ತಟ್ಟೆ ಮುಂದೆ ಹಿಡಿದಳು. "ಅತ್ತೆ, ಇನ್ನೊಂದು ಹಾಕಿ."

ಆರು ವರ್ಷದಲ್ಲಿ ಅವಳು ಕೇಳಿ ಬಡಿಸಿಕೊಂಡದ್ದು ಅದೇ ಮೊದಲು. ಪಾತ್ರೆಯಲ್ಲಿ ಉಳಿದಿದ್ದದ್ದು ನನ್ನ ಪಾಲಿನ ತುಂಡು. ಅಮ್ಮ ಅದನ್ನು ಅವಳಿಗೆ ಹಾಕಿದಳು. ನಾನು ಸಾರು ಕಲಸಿಕೊಂಡು ಉಂಡೆ.